ಅನಮೋಡ ಘಾಟದ ದಾರಿಯಲ್ಲಿ ಒಂದು ಪರವಾನಿಗೆ

ಕಳೆದ ಕಾರ್ತಿಕ ಮಾಸದ ಒಂದು ರವಿವಾರ ನಸುಕಿನಲ್ಲಿ ನಾವು ಧಾರವಾಡದಿಂದ ಗೋವೆಯ ಫೋಂಡಾ ಪಟ್ಟಣಕ್ಕೆ ಹೊರಟೆವು. ಮಠದ ಪ್ರಸಾದ ನಿಲಯದಲ್ಲಿ ನಮ್ಮೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡು, ಒಂದೇ ಚಿಮಣಿಯ ಬೆಳಕಿನಲ್ಲಿ ಅಮರಕೋಶ ಕಂಠಪಾಠ ಮಾಡಿದ ಸಹಪಾಠಿಯೊಬ್ಬರು ಅಲ್ಲಿ ನೆಲೆಸಿದ್ದಾರೆ. ಗೋವೆಯ ಶಾಲೆಯೊಂದರಲ್ಲಿ ಬಹುಕಾಲ ಸಂಸ್ಕೃತ ಕಲಿಸಿ ನಿವೃತ್ತರಾದವರು. "ಕಣ್ಣು ಮಂದವಾಗಿವೆ, ಪೂರಾ ಮಂದವಾಗುವುದರೊಳಗೆ ಒಮ್ಮೆ ಬಂದು ಮುಖ ತೋರಿಸಿ ಹೋಗಿರಿ" ಎಂದು ದೂರವಾಣಿಯಲ್ಲಿ ಹೇಳಿದ್ದರು. ಆ ಮಾತು ಕೇಳಿದ ಮೇಲೆ ಸುಮ್ಮನಿರುವುದು ನಮ್ಮಿಂದಾಗಲಿಲ್ಲ.

ನಮ್ಮ ಜೊತೆಗೆ ನಮ್ಮ ಮನೆಯವರು ಮತ್ತು ಹುಬ್ಬಳ್ಳಿಯ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ತಮ್ಮನ ಮಗಳು ಇದ್ದರು. ಕಾರನ್ನು ನಾವೇ ನಡೆಸಿದೆವು. ಅರವತ್ತು ದಾಟಿದ ಮೇಲೂ ಈ ವಿಷಯದಲ್ಲಿ ನಮಗೆ ಒಂದಿಷ್ಟು ಅಭಿಮಾನವಿದೆ. ಅದನ್ನು ವಾಚಕರಲ್ಲಿ ಮುಚ್ಚಿಡುವುದಿಲ್ಲ.

ಧಾರವಾಡವು ಬಯಲುಸೀಮೆಗೂ ಮಲೆನಾಡಿಗೂ ನಡುವಿನ ಹೊಸ್ತಿಲು. ಊರ ಪಶ್ಚಿಮಕ್ಕೆ ಅಳ್ನಾವರದ ದಾರಿ ಹಿಡಿದರೆ ಎರೆಮಣ್ಣು ಹಿಂದೆ ಸರಿದು ಕೆಂಪುನೆಲ ಕಾಣತೊಡಗುತ್ತದೆ. ಕಟಾವಿಗೆ ಬಂದ ಬತ್ತದ ಗದ್ದೆಗಳು, ಕಬ್ಬಿನ ಪಡಗಳು, ಅವುಗಳಾಚೆ ಸಾಗವಾನಿಯ ಕಾಡು. 30 ಕಿ.ಮೀ.ಗೂ ಮಿಕ್ಕಿದ ಈ ದಾರಿಯನ್ನು ಮಂಜಿನಲ್ಲಿ ನಿಧಾನವಾಗಿ ಕ್ರಮಿಸಿ, ಅಳ್ನಾವರದಲ್ಲಿ ಚಹಕ್ಕೆಂದು ನಿಂತೆವು. ದಾಂಡೇಲಿಯ ಕಡೆಗೆ ರೈಲುದಾರಿ ಕವಲೊಡೆಯುವ ಈ ಊರು 2018ರಲ್ಲಿ ತಾಲೂಕು ಕೇಂದ್ರವಾಯಿತು.

ಚಹದ ಕಪ್ಪು ಕೈಯಲ್ಲಿರುವಾಗಲೇ ನಮ್ಮ ಮನೆಯವರು, "ಲೈಸನ್ಸ್ ತಂದೀರೇನು? ಗೋವಾದಾಗ ಕೇಳ್ತಾರಂತ" ಎಂದರು. ಎದೆ ಧಸಕ್ಕೆಂದಿತು. ಪರವಾನಿಗೆಯ ಕಾರ್ಡು ಮನೆಯ ಕಪಾಟಿನಲ್ಲಿ ನೇತುಹಾಕಿದ ಮತ್ತೊಂದು ಜುಬ್ಬಾದ ಕಿಸೆಯಲ್ಲಿಯೇ ಉಳಿದಿತ್ತು. ತಿರುಗಿ ಹೋಗಿ ಬಂದರೆ ಎರಡು ತಾಸು ಹಾಳು. ನಾವು ಗಾಡಿ ತಿರುಗಿಸುವ ಮಾತು ತೆಗೆದೆವು. ತಮ್ಮನ ಮಗಳು ನಕ್ಕಳು.

"ದೊಡ್ಡಪ್ಪಾ, ನಿಮ್ಮ ಲೈಸನ್ಸ್ ನಿಮ್ಮ ಕಿಸೇದಾಗ ಐತಿ. ಫೋನ್ ತಗೀರಿ."

ಆಗ ನೆನಪಾಯಿತು. ಮರೆವಿಗೂ ವಯಸ್ಸಿಗೂ ಇರುವ ನಂಟನ್ನು ಕುರಿತು ಮನೆಯವರು ಎರಡು ಮಾತು ಆಡಿದರು; ಅವನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಆದರೆ ಆ ಪರವಾನಿಗೆ ನಮ್ಮ ಫೋನಿನೊಳಗೆ ಬಂದ ಬಗೆಯನ್ನು ಹೇಳಲೇಬೇಕು. ನಮ್ಮ ಓರಗೆಯ ಅನೇಕ ಗೃಹಸ್ಥರು ಇದೇ ತೊಡಕಿನಲ್ಲಿ ಸಿಕ್ಕಿಕೊಂಡಿರುವುದನ್ನು ಕಂಡಿದ್ದೇವೆ.

ಹಿಂದೆ ನಮಗೆ ದೊರೆತ ಮೊದಲ ಪರವಾನಿಗೆ ಒಂದು ಸಣ್ಣ ಪುಸ್ತಕ. ಅದರಲ್ಲಿ ಅಂಟಿಸಿದ ಭಾವಚಿತ್ರ, ಅದರ ಮೇಲೆ ಅರ್ಧ ಹರಡಿದ ಸರಕಾರಿ ಮುದ್ರೆ. ಮುಂದೆ ಅದು ಕಾರ್ಡಾಯಿತು. ಈಗ ಅದು ಕಾರ್ಡಿನ ಹಂಗನ್ನೂ ಬಿಟ್ಟಿದೆ. ಕೇಂದ್ರ ಸರಕಾರವು 2015ರ ಜುಲೈ 1ರಂದು ಡಿಜಿಲಾಕರ್ ಎಂಬ ವ್ಯವಸ್ಥೆಯನ್ನು ಆರಂಭಿಸಿತು. 2016ರ ಸೆಪ್ಟೆಂಬರಿನಲ್ಲಿ ಚಾಲನಾ ಪರವಾನಿಗೆ ಮತ್ತು ವಾಹನ ನೋಂದಣಿ ಪತ್ರಗಳು ಅದರಲ್ಲಿ ದೊರೆಯತೊಡಗಿದವು. ಸಾರಿಗೆ ಸಚಿವಾಲಯದ್ದೇ ಆದ ಎಂ-ಪರಿವಾಹನ್ ಎಂಬ ಇನ್ನೊಂದು ಆಪ್ ಕೂಡ ಇದೆ. ಪೊಲೀಸರು ಇವನ್ನು ಒಪ್ಪಬೇಕೆಂದು 2018ರ ಆಗಸ್ಟ್ ತಿಂಗಳಲ್ಲಿ ಸಚಿವಾಲಯ ಎಲ್ಲ ರಾಜ್ಯಗಳಿಗೂ ಸೂಚನೆ ಕಳುಹಿಸಿತು. ಅದೇ ವರ್ಷದ ನವೆಂಬರಿನಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಬಂದು, ಚಾಲಕನು ತನ್ನ ದಾಖಲೆಗಳನ್ನು ಕಾಗದದ ರೂಪದಲ್ಲಾಗಲಿ ಎಲೆಕ್ಟ್ರಾನಿಕ್ ರೂಪದಲ್ಲಾಗಲಿ ತೋರಿಸಬಹುದೆಂದಾಯಿತು.

ಕಳೆದ ವರ್ಷ ನಮ್ಮ ಪರವಾನಿಗೆಯ ಅವಧಿ ಮುಗಿಯುತ್ತ ಬಂದಾಗ ತಮ್ಮನ ಮಗಳು, ನವೀಕರಣದ ಜೊತೆಗೆ ಅದನ್ನು ಫೋನಿನಲ್ಲಿಯೂ ಇಟ್ಟುಕೊಳ್ಳಿರೆಂದು ಹಟ ಹಿಡಿದಳು. ಮೊಬೈಲ್ ಸಂಖ್ಯೆ ಕೊಟ್ಟು, ಬಂದ ಓಟಿಪಿ ಒತ್ತಿ, ಆರಂಕಿಯ ಗುಪ್ತಸಂಖ್ಯೆಯೊಂದನ್ನು ಗೊತ್ತುಮಾಡಿ, ಆಧಾರ್ ಜೋಡಿಸಿ ಡಿಜಿಲಾಕರ್ ತೆರೆದದ್ದಾಯಿತು. ಆಮೇಲೆ ಸಾರಿಗೆ ಸಚಿವಾಲಯದ ಹೆಸರು ಹುಡುಕಿ ಪರವಾನಿಗೆಯ ಸಂಖ್ಯೆ ಕೊಡಬೇಕು. ಈ ಸಂಖ್ಯೆಗೂ ಒಂದು ವ್ಯಾಕರಣವಿದೆ. ಮೊದಲು ರಾಜ್ಯವನ್ನು ಸೂಚಿಸುವ ಎರಡು ಅಕ್ಷರ, ಅನಂತರ ಕಚೇರಿಯ ಎರಡಂಕಿ, ಬಳಿಕ ಪರವಾನಿಗೆ ಕೊಟ್ಟ ವರ್ಷದ ನಾಲ್ಕಂಕಿ, ಕೊನೆಗೆ ಏಳಂಕಿಯ ಕ್ರಮಸಂಖ್ಯೆ, ಒಟ್ಟು 15. ಧಾರವಾಡದ ಕಚೇರಿಯ ಸಂಖ್ಯೆ 25.

ಎಲ್ಲವನ್ನೂ ಸರಿಯಾಗಿ ಒತ್ತಿದೆವು. ಆದರೆ ವಿವರಗಳು ಹೊಂದಿಕೆಯಾಗುತ್ತಿಲ್ಲವೆಂಬ ಉತ್ತರ ಬಂದಿತು. ಮೂರು ಸಲ ಒತ್ತಿದರೂ ಅದೇ ಉತ್ತರ. ಕಾರ್ಡನ್ನೂ ಆಧಾರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಕಾರಣ ಹೊಳೆಯಿತು. ಪರವಾನಿಗೆಯಲ್ಲಿ ನಮ್ಮ ಜನ್ಮದಿನ ಜೂನ್ 1. ಆಧಾರದಲ್ಲಿ ಜನೇವರಿ 1.

ನಮ್ಮ ತಲೆಮಾರಿನವರಿಗೆ ಇದರ ಅರ್ಥ ಒಡನೆಯೇ ತಿಳಿಯುತ್ತದೆ. ನಾವು ಹುಟ್ಟಿದ ದಿನವನ್ನು ಬಲ್ಲವಳು ನಮ್ಮ ತಾಯಿ. ಅವಳು ಬಲ್ಲದ್ದು, ಸೀಗಿ ಹುಣ್ಣಿವೆಯ ಮರುದಿನ ದನ ಹೊರಬೀಳುವ ಹೊತ್ತು ಎಂದಷ್ಟೆ. ಶಾಲೆಗೆ ಸೇರಿಸುವಾಗ ಮಾಸ್ತರರು ಊರ ಮಕ್ಕಳಿಗೆಲ್ಲ ಜೂನ್ 1ನ್ನು ಜನ್ಮದಿನವಾಗಿ ಕೊಟ್ಟರು. ಮುಂದೆ ಆಧಾರ್ ಮಾಡಿಸುವಾಗ ನಾವು ವರ್ಷವನ್ನಷ್ಟೇ ಹೇಳಿದೆವು. ಗಣಕಯಂತ್ರದ ಮುಂದೆ ಕುಳಿತ ಹುಡುಗ ಜನೇವರಿ 1 ಎಂದು ತುಂಬಿದ. ನಿಜವಾದ ದಿನ ಎರಡರಲ್ಲಿಯೂ ಇಲ್ಲ! ಇಷ್ಟು ವರ್ಷ ಈ ಎರಡು ದಿನಗಳು ಒಂದನ್ನೊಂದು ಭೇಟಿಯಾಗದೆ ಬೇರೆ ಬೇರೆ ಕಾಗದಗಳಲ್ಲಿ ಸುಖವಾಗಿದ್ದವು. ಈಗ ಅವು ಎದುರೆದುರಾದವು.

ಎಸ್.ಎಸ್.ಎಲ್.ಸಿ. ಅಂಕಪಟ್ಟಿಯನ್ನು ಹಿಡಿದು ಆಧಾರ್ ಕೇಂದ್ರಕ್ಕೆ ಹೋಗಿ ತಿದ್ದಿಸಿದೆವು. ಇಲ್ಲಿ ವಾಚಕರು ಎಚ್ಚರ ವಹಿಸಬೇಕು. ಆಧಾರದಲ್ಲಿ ಜನ್ಮದಿನವನ್ನು ಒಂದೇ ಸಲ, ಹೆಸರನ್ನು ಎರಡು ಸಲ ಮಾತ್ರ ತಿದ್ದಿಸಲು ಅವಕಾಶ. ಆದುದರಿಂದ ಶಾಲೆಯ ದಾಖಲೆ, ಪರವಾನಿಗೆ, ಪಿಂಚಣಿಯ ಪತ್ರ ಎಲ್ಲವನ್ನೂ ಮುಂದಿಟ್ಟುಕೊಂಡು, ಯಾವುದನ್ನು ಯಾವುದಕ್ಕೆ ಹೊಂದಿಸಬೇಕೆಂದು ಗೊತ್ತುಮಾಡಿಯೇ ಹೋಗಬೇಕು. ನಮ್ಮ ಕಡೆಯಲ್ಲಿ ಒಂದು ಕಾಗದದಲ್ಲಿ ಊರ ಹೆಸರು ಮೊದಲು, ಇನ್ನೊಂದರಲ್ಲಿ ತಂದೆಯ ಹೆಸರು ಮೊದಲು ಇರುವುದು ಸಾಮಾನ್ಯ. ಮನುಷ್ಯನು ಅದನ್ನು ಓದಿ ಒಬ್ಬನೇ ಎಂದು ತಿಳಿಯುತ್ತಾನೆ, ಯಂತ್ರ ತಿಳಿಯುವುದಿಲ್ಲ.

ನವೀಕರಣಕ್ಕೆ ಸಾರಥಿ ಎಂಬ ಸರಕಾರಿ ಜಾಲತಾಣದಲ್ಲಿ ಅರ್ಜಿ ಹಾಕಿದೆವು. 55 ವರ್ಷ ದಾಟಿದವರಿಗೆ ಒಂದು ಸಲಕ್ಕೆ ಐದು ವರ್ಷ ಮಾತ್ರ ಅವಧಿ. ಅರ್ಜಿಗೆ ವೈದ್ಯರು 1-ಎ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರವಿರಬೇಕು. ವೈದ್ಯರು ಕಣ್ಣು, ಕಿವಿ, ಕೈಕಾಲು ಪರೀಕ್ಷಿಸಿ ಸಹಿ ಮಾಡಿದರು, ಮಾಡಿದ ಮೇಲೆ ಒಂದು ಮಾತು ಹೇಳಿದರು: "ಎಡಗಣ್ಣಿನಲ್ಲಿ ಪೊರೆ ಶುರುವಾಗಿದೆ. ಹಗಲಿಗೆ ತೊಂದರೆಯಿಲ್ಲ. ರಾತ್ರಿ ಎದುರಿನ ಗಾಡಿಯ ದೀಪ ಕಣ್ಣು ಕುಕ್ಕಿಸಬಹುದು, ನೋಡಿಕೊಳ್ಳಿರಿ." ನಾವು ತಲೆಯಾಡಿಸಿದೆವು. ಕಾರ್ಡು ಅಂಚೆಯಲ್ಲಿ ಬಂದಿತು. ಫೋನಿನಲ್ಲಿಯೂ ನಮ್ಮ ಭಾವಚಿತ್ರ, ಸಂಖ್ಯೆ, ಅವಧಿ ಎಲ್ಲವೂ ಮೂಡಿದವು. ವೈದ್ಯರ ಮಾತು ಮಾತ್ರ ಎಲ್ಲಿಯೂ ಮೂಡಲಿಲ್ಲ.

ಅಳ್ನಾವರದಿಂದ ಮುಂದೆ ಕಾಡು ದಟ್ಟವಾಗುತ್ತದೆ. ಉತ್ತರಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನ ರಾಮನಗರವನ್ನು ತಲುಪಿದಾಗ ಬಿಸಿಲೇರಿತ್ತು. ಕಾಳಿ ನದಿಗೆ ಸೂಪಾ ಅಣೆಕಟ್ಟು ಕಟ್ಟಿದಾಗ ಮನೆಮಾರು ಕಳೆದುಕೊಂಡ ಕುಟುಂಬಗಳು ಬಂದು ನೆಲೆನಿಂತ ಊರಿದು. ಹಳೆಯ ಸೂಪಾ ಊರು ಈಗ ನೀರಿನೊಳಗಿದೆ. ಹಣ್ಣಿನಂಗಡಿಯ ವೃದ್ಧರೊಬ್ಬರು, ಮುಳುಗಿದ ಹೊಲದ ಕಾಗದಗಳನ್ನು ತಮ್ಮ ತಂದೆ ಸಾಯುವವರೆಗೂ ತಗಡಿನ ಪೆಟ್ಟಿಗೆಯಲ್ಲಿ ಕಾಪಾಡಿದ್ದರೆಂದು ಹೇಳಿದರು. ಅಲ್ಲಿ ನೆಲ ಹೋಗಿ ಕಾಗದ ಉಳಿದಿತ್ತು. ನಮ್ಮಲ್ಲಿ ಕಾಗದ ಹೋಗಿ ದಾಖಲೆ ಉಳಿದಿದೆ. ಮುಂದಿನ ದಾರಿಯುದ್ದಕ್ಕೂ ಈ ವಿಚಾರ ನಮ್ಮನ್ನು ಬಿಡಲಿಲ್ಲ.

ರಾಮನಗರದಲ್ಲಿಯೇ ತಮ್ಮನ ಮಗಳು ನಮ್ಮ ಫೋನು ತೆಗೆಸಿ, ಪರವಾನಿಗೆಯ ಪುಟವನ್ನು ತೆರೆದು ಫೋನಿನೊಳಗೆ ಇಳಿಸಿಟ್ಟಳು. ಗಾಡಿಯ ನೋಂದಣಿ ಪತ್ರವನ್ನೂ ವಿಮೆಯನ್ನೂ ಹಾಗೆಯೇ ಮಾಡಿದಳು. "ಘಾಟದಾಗ ಸಿಗ್ನಲ್ ಇರಂಗಿಲ್ಲ ದೊಡ್ಡಪ್ಪಾ. ಆವಾಗ ತಗೀತೀನಿ ಅಂದ್ರ ಚಕ್ರ ತಿರುಗತೈತಿ ಅಷ್ಟ." ಫೋನಿಗೆ ಗಾಡಿಯಲ್ಲಿಯೇ ಚಾರ್ಜು ಹಚ್ಚಿದಳು. ಬುತ್ತಿ ಕಟ್ಟುವ ಜಾಣ್ಮೆ ಈ ತಲೆಮಾರಿಗೂ ಇದೆ, ಬುತ್ತಿ ಬೇರೆಯಾಗಿದೆ.

ಅನಮೋಡ ದಾಟಿದರೆ ಘಾಟ ಇಳಿಯತೊಡಗುತ್ತದೆ. ಬೆಳಗಾವಿಯಿಂದ ಪಣಜಿಗೆ ಹೋಗುವ 748ನೆಯ ರಾಷ್ಟ್ರೀಯ ಹೆದ್ದಾರಿ ಇದೇ. ಒಂದು ಬದಿಗೆ ಹಸುರು ಗೋಡೆ, ಮತ್ತೊಂದು ಬದಿಗೆ ಆಳವಾದ ಕಣಿವೆ, ತಿರುವು ತಿರುವಿಗೂ ಮಂಗಗಳ ಹಿಂಡು. ಗೋವೆಯ ಗಡಿಯೊಳಗೆ ಭಗವಾನ್ ಮಹಾವೀರ ಅಭಯಾರಣ್ಯದ ಮರಗಳು ಎರಡೂ ಕಡೆಯಿಂದ ಬಾಗಿ ದಾರಿಯನ್ನು ಮುಚ್ಚುತ್ತವೆ. ಮೊಲೆಮ್ ಬಳಿ ಗಾಡಿಗಳ ಸಾಲು ನಿಂತಿತ್ತು. ಪೊಲೀಸರು ದಾಖಲೆಗಳನ್ನು ನೋಡುತ್ತಿದ್ದರು.

ನಮ್ಮ ಮುಂದಿದ್ದ ಗಾಡಿಯ ಯುವಕನೂ ಫೋನನ್ನೇ ತೋರಿಸಿದ. ಪೊಲೀಸರು ಒಪ್ಪಲಿಲ್ಲ. ವಾದ ಬೆಳೆಯಿತು. ನಮಗೆ ಅಳುಕಾಯಿತು. ತಮ್ಮನ ಮಗಳು ಇಳಿದು ನೋಡಿ ಬಂದು ವಿವರಿಸಿದಳು: ಆ ಯುವಕ ತೋರಿಸಿದ್ದು ಕಾರ್ಡಿನ ಫೋಟೋ. ಡಿಜಿಲಾಕರಿನಲ್ಲಿ ಎರಡು ಅಂಕಣಗಳಿವೆ. ಸರಕಾರದ ದಾಖಲೆಯಿಂದ ನೇರವಾಗಿ ಬಂದವು ಒಂದರಲ್ಲಿ, ನಾವೇ ಫೋಟೋ ತೆಗೆದು ಏರಿಸಿದವು ಮತ್ತೊಂದರಲ್ಲಿ. ಮೊದಲನೆಯದಕ್ಕೆ ಮಾತ್ರ ಮೂಲಪತ್ರದ ಮಾನ್ಯತೆ ಇದೆ; ಎರಡನೆಯದು ಬರಿಯ ನೆರಳಚ್ಚು. ನೋಡುವವರ ಕಣ್ಣಿಗೆ ಎರಡೂ ಒಂದೇ. ಬಂದ ಮೂಲ ಬೇರೆ.

ನಮ್ಮ ಸರದಿ ಬಂದಿತು. ಮಧ್ಯವಯಸ್ಸಿನ ಪೇದೆ ನಮ್ಮ ಬಿಳಿಯ ಜುಬ್ಬಾವನ್ನೂ ಹಣೆಯ ವಿಭೂತಿಯನ್ನೂ ನೋಡಿ ಮರಾಠಿಯಲ್ಲಿ ವಿನಯದಿಂದಲೇ ಮಾತಾಡಿಸಿದರು. ನಾವು ಫೋನನ್ನು ಕೊಡದೆ, ಕೈಯಲ್ಲಿ ಹಿಡಿದೇ ತೋರಿಸಿದೆವು. ಇದನ್ನೂ ತಮ್ಮನ ಮಗಳೇ ಕಲಿಸಿದ್ದಳು. ಆ ಫೋನಿನಲ್ಲಿ ಬ್ಯಾಂಕಿನ ಕೀಲಿಯೂ ಇದೆಯಷ್ಟೆ. ಪೇದೆ ಪುಟವನ್ನು ನೋಡಿ, ಸಂಖ್ಯೆಯನ್ನು ತಮ್ಮ ಕೈಯಲ್ಲಿದ್ದ ಯಂತ್ರಕ್ಕೆ ಊಡಿಸಿದರು. ಒಂದು ಗಳಿಗೆ ಕಾದೆವು. ಧಾರವಾಡದ ಕಚೇರಿಯಲ್ಲಿ ಬರೆದ ನಮ್ಮ ಹೆಸರು ಗೋವೆಯ ಕಾಡಿನ ಅಂಚಿನಲ್ಲಿ ನಿಂತ ಆ ಮನುಷ್ಯನ ಅಂಗೈಯಲ್ಲಿ ಮೂಡಿತು. "ಠೀಕ್ ಆಹೆ, ಆಜೋಬಾ" ಎಂದು ಕೈಬೀಸಿದರು.

ಆಗ ನಮಗೆ ಈ ವ್ಯವಸ್ಥೆಯ ಗುಟ್ಟು ತಿಳಿಯಿತು. ನಾವು ತೋರಿಸಿದ್ದು ಪರವಾನಿಗೆಯಲ್ಲ, ಪರವಾನಿಗೆಯ ಗುರುತು. ನಿಜವಾದ ಪರವಾನಿಗೆ ಇರುವುದು ದೇಶದ ಒಂದೇ ದೊಡ್ಡ ದಪ್ತರದಲ್ಲಿ. ತಪ್ಪು ಮಾಡಿದವನ ಪರವಾನಿಗೆಯನ್ನು ವಶಕ್ಕೆ ತೆಗೆದುಕೊಳ್ಳಬೇಕಾದರೂ ಫೋನನ್ನು ಕಸಿದುಕೊಳ್ಳುವುದಿಲ್ಲ. ಆ ದಪ್ತರದಲ್ಲಿಯೇ ನಮೂದಿಸುತ್ತಾರೆ. ಕಾಗದ ಸುಟ್ಟರೂ ಕಾರ್ಡು ಕಳೆದರೂ ದಾಖಲೆಗೆ ಕುಂದಿಲ್ಲ. ಹಾಗೆಯೇ ದಾಖಲೆಯಲ್ಲಿ ತಪ್ಪಿದ್ದರೆ ಕೈಯಲ್ಲಿ ಚಿನ್ನದ ಕಾರ್ಡಿದ್ದರೂ ಪ್ರಯೋಜನವಿಲ್ಲ.

ಧಾರಬಾಂದೋಡಾ, ಖಾಂಡೆಪಾರ ದಾಟಿ ಮಧ್ಯಾಹ್ನದ ಹೊತ್ತಿಗೆ ಫೋಂಡಾ ಸೇರಿದೆವು. ತೆಂಗು ಅಡಿಕೆಯ ತೋಟಗಳ ನಡುವೆ ಕೆಂಪು ಹೆಂಚಿನ ಮನೆ. ಸಹಪಾಠಿಗಳು ಧ್ವನಿಯಿಂದಲೇ ನಮ್ಮನ್ನು ಗುರುತಿಸಿದರು. "ಬರ್ರಿ ಶಾಸ್ತ್ರಿಗಳ" ಎಂದು ಕೈ ಚಾಚಿದರು; ಆ ಕೈ ನಮ್ಮ ಹೆಗಲನ್ನು ಎರಡು ಸಲ ತಪ್ಪಿ ಮೂರನೆಯ ಸಲ ಮುಟ್ಟಿತು. ಸಕ್ಕರೆ ಕಾಯಿಲೆ ಅವರ ಅಕ್ಷಿಪಟಲವನ್ನು ತಿಂದಿತ್ತು.

ಊಟದ ಬಳಿಕ ದಾರಿಯ ಪ್ರಸಂಗವನ್ನು ಹೇಳಿದೆವು. ಅವರು ನಕ್ಕು, ಮೊಮ್ಮಗನನ್ನು ಕರೆದು ತಮ್ಮ ಫೋನನ್ನು ತರಿಸಿದರು. "ನಮ್ಮದೂ ಐತಿ, ನೋಡ್ರಿ" ಎಂದರು. ಹುಡುಗ ಪುಟ ತೆರೆದು ನಮ್ಮ ಮುಂದೆ ಹಿಡಿದ. ಸಹಪಾಠಿಗಳ ಭಾವಚಿತ್ರ, ಸಂಖ್ಯೆ, ಅವಧಿ. ಆ ಅವಧಿ ಮುಗಿಯಲು ಇನ್ನೂ ಎರಡು ವರ್ಷವಿತ್ತು.

"ದಪ್ತರದ ಲೆಕ್ಕದಾಗ ನಾ ಇನ್ನೂ ಎರಡು ವರ್ಷ ಗಾಡಿ ಹೊಡೀಬಹುದು, ಶಾಸ್ತ್ರಿಗಳ. ನಿಮ್ಮ ಮುಖ ನನಗ ಕಾಣವಲ್ದು. ಆ ಫೋನಿಗೆ ಅದು ಗೊತ್ತಿಲ್ಲ. ಹೋದ ವರ್ಷ ಸಂಜೀಮುಂದ ಒಂದು ಸೈಕಲ್ಲಿನ ಹುಡುಗ ಕೂದಲೆಳಿಯಷ್ಟರಾಗ ಉಳದ. ಅವತ್ತ ಕೀಲಿ ಮಗನ ಕೈಯಾಗ ಕೊಟ್ಟೆ. ಯಾರೂ ಕಸಗೊಳ್ಳಲಿಲ್ಲ, ನಾನ ಕೊಟ್ಟೆ."

ಆ ಮೇಲೆ ಅವರು ಬೇರೆ ಮಾತಿಗೆ ಹೊರಳಿದರು. ಪ್ರಸಾದ ನಿಲಯದ ಜೋಳದ ನುಚ್ಚು, ಗುರುಗಳ ಬೆತ್ತ, ಕಂಠಪಾಠದ ಸ್ಪರ್ಧೆ ಎಲ್ಲವೂ ಬಂದವು. ನಾವು ಹೂಂಗುಟ್ಟುತ್ತಿದ್ದೆವು, ಮನಸ್ಸು ಮಾತ್ರ ವೈದ್ಯರ ಕೋಣೆಯಲ್ಲಿತ್ತು.

ಮೂರು ಗಂಟೆಗೆ ಹೊರಡಬೇಕೆಂದು ನಿಶ್ಚಯಿಸಿದ್ದವರು ಎದ್ದದ್ದು ಐದೂವರೆಗೆ. ಇನ್ನೊಮ್ಮೆ ಭೇಟಿಯಾಗುವ ಮಾತನ್ನು ಇಬ್ಬರೂ ಆಡಲಿಲ್ಲ. ಮೊಲೆಮ್ ತಲುಪುವಾಗ ಕತ್ತಲಾಗಿತ್ತು. ಘಾಟದ ಏರು ಆರಂಭವಾಗುವಲ್ಲಿ ಎದುರಿನಿಂದ ಲಾರಿಯೊಂದು ಇಳಿಯಿತು. ಅದರ ಎರಡು ದೀಪಗಳು ನಮ್ಮ ಎಡಗಣ್ಣಿನಲ್ಲಿ ಬಿಳಿಯ ಹತ್ತಿಯಂತೆ ಹರಡಿ, ಎರಡು ಮೂರು ಕ್ಷಣ ದಾರಿಯೇ ಇಲ್ಲವಾಯಿತು. ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಹಿಂದೆ ಕುಳಿತ ಮನೆಯವರು ಏನೂ ಅನ್ನಲಿಲ್ಲ. ಅವರು ಸುಮ್ಮನಿದ್ದದ್ದೇ ನಮಗೆ ಹೆಚ್ಚು ನಾಟಿತು.

ಗಾಡಿಯನ್ನು ಬದಿಗೆ ನಿಲ್ಲಿಸಿದೆವು. ನಮ್ಮ ಕಿಸೆಯಲ್ಲಿದ್ದ ಪರವಾನಿಗೆ ಆ ಕ್ಷಣದಲ್ಲಿಯೂ ಪೂರ್ಣ ಸಿಂಧುವಾಗಿತ್ತು. ಬೆಳಿಗ್ಗೆ ಒಪ್ಪಿದ ಪೇದೆ ಈಗ ಬಂದಿದ್ದರೂ ಒಪ್ಪುತ್ತಿದ್ದರು. ಒಪ್ಪದವರು ನಾವೊಬ್ಬರೇ.

"ತಂಗೀ, ನಿನ್ನ ಲೈಸನ್ಸ್ ಐತೇನು?" ಎಂದು ಕೇಳಿದೆವು.

"ಐತಿ ದೊಡ್ಡಪ್ಪಾ. ಫೋನಿನಾಗೂ ಐತಿ, ಪರ್ಸಿನಾಗೂ ಐತಿ" ಎಂದು ಅವಳು ಇಳಿದು ಬಂದಳು. ಕೀಲಿ ಕೊಟ್ಟು ಪಕ್ಕದ ಆಸನಕ್ಕೆ ಸರಿದೆವು. ಘಾಟವನ್ನು ಅವಳು ನಮಗಿಂತ ಹದವಾಗಿ ಏರಿಸಿದಳು. ಅನಮೋಡ, ರಾಮನಗರ, ಅಳ್ನಾವರ ಒಂದೊಂದಾಗಿ ಹಿಂದೆ ಸರಿದವು. ಮನೆ ಸೇರಿದಾಗ ರಾತ್ರಿ ಹತ್ತು. ಕಪಾಟಿನ ಜುಬ್ಬಾದಲ್ಲಿ ಕಾರ್ಡು ಇದ್ದಲ್ಲಿಯೇ ಇತ್ತು.

ಮರುವಾರವೇ ಕಣ್ಣಿನ ವೈದ್ಯರನ್ನು ಕಂಡು ಪೊರೆಯ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿದೆವು. ಅಲ್ಲಿಯವರೆಗೆ ಹೊತ್ತು ಮುಳುಗಿದ ಮೇಲೆ ನಾವು ಗಾಡಿ ಮುಟ್ಟುವುದಿಲ್ಲ. ಈ ನಿಯಮ ಯಾವ ದಪ್ತರದಲ್ಲಿಯೂ ಇಲ್ಲ. ನಮ್ಮ ಮನೆಯಲ್ಲಿ ಇದೆ.

ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಮಕ್ಕಳು ಮೊಮ್ಮಕ್ಕಳ ನೆರವಿನಿಂದ ನಿಮ್ಮ ಪರವಾನಿಗೆಯನ್ನು ಫೋನಿಗೆ ತಂದುಕೊಳ್ಳಿರಿ. ಹೆಸರು, ಜನ್ಮದಿನಗಳು ಹೊಂದುತ್ತವೆಯೋ ಇಲ್ಲವೋ ಎಂದು ಅವಸರವಿಲ್ಲದಾಗಲೇ ನೋಡಿಕೊಳ್ಳಿರಿ. ದಂಡದ ಹೆಸರಿನಲ್ಲಿ ವಾಟ್ಸಾಪಿಗೆ ಬರುವ ಆಪುಗಳನ್ನು ಮುಟ್ಟಬೇಡಿರಿ. ಆ ದಾರಿಯಲ್ಲಿ ಬ್ಯಾಂಕಿನ ಹಣ ಕಳೆದುಕೊಂಡವರು ಅನೇಕರಿದ್ದಾರೆ. ಸಿಗ್ನಲ್ಲಿಲ್ಲದ ದಾರಿಗೆ ಮೊದಲೇ ಪುಟ ಇಳಿಸಿಕೊಂಡು ಹೋಗಿರಿ. ಕಾರ್ಡನ್ನೂ ಜೊತೆಗಿರಿಸಿಕೊಂಡರೆ ಬ್ಯಾಟರಿಯ ಚಿಂತೆಯಿಲ್ಲ. ಇಷ್ಟೆಲ್ಲವನ್ನೂ ಮನೆಯ ಕಿರಿಯರು ನಿಮಗೆ ಕಲಿಸಬಲ್ಲರು.

ಅವರು ಕಲಿಸಲಾರದ್ದು ಒಂದಿದೆ. ಹಿರಿಯರ ಕೈಯಿಂದ ಕೀಲಿಯನ್ನು ಕಸಿದುಕೊಳ್ಳಲು ಮಕ್ಕಳಿಗೆ ಸಂಕೋಚ. ಹೇಳಲು ಹೆಂಡತಿಗೆ ಅಳುಕು. ಅದನ್ನು ನಾವೇ, ಕೈ ಗಟ್ಟಿಯಿರುವಾಗಲೇ, ನಗುನಗುತ್ತ ಕೊಡಬೇಕು. ಫೋಂಡಾದ ಸಹಪಾಠಿಗಳು ಅಂದು ನಮಗೆ ಕಲಿಸಿದ್ದು ಇದನ್ನೇ. ಅವರಿಗೆ ನಮ್ಮ ಶರಣು.